ಬ್ರಿಟನ್ ಕೈಬಿಟ್ಟ ಇಬ್ಬರು

ಸಿಂಗಪುರದ ಬಂದರಿನಲ್ಲಿ ಶೀತಲ ಕಂಟೇನರಿಗೆ ರೀಫರ್ ಅನ್ನುತ್ತಾರೆ. ಒಳಗೆ ಮೈನಸ್ 18 ಡಿಗ್ರಿ, ಹೊರಗೆ ಬೆವರಿಳಿಸುವ ಸೆಕೆ. ಸರಕು ಸಾಗಣೆ ಕಂಪನಿಯೊಂದರಲ್ಲಿ ಈ ಪೆಟ್ಟಿಗೆಗಳ ಕಾಗದಪತ್ರ ನೋಡಿಕೊಳ್ಳುವುದೇ ಬಹುಕಾಲ ನನ್ನ ಹೊಟ್ಟೆಪಾಡಾಗಿತ್ತು. ಬಿಲ್ ಆಫ್ ಲೇಡಿಂಗ್, ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ. ನ್ಯೂಜಿಲೆಂಡಿನ ಟೌರಂಗಾ, ನೇಪಿಯರ್, ಲಿಟಲ್‌ಟನ್ ಬಂದರುಗಳಿಂದ ಬರುವ ಕುರಿಮಾಂಸ, ಬೆಣ್ಣೆ, ಹಾಲಿನ ಪುಡಿಯ ಕಡತಗಳು ನನ್ನ ಮೇಜಿನ ಮೇಲೆ ಸದಾ ಇರುತ್ತಿದ್ದವು. ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುತ್ತ ಬೆಳೆದವನು ನಾನು. ಹಸುವಿನ ಸೆಗಣಿಯ ವಾಸನೆಯೇ ಇಲ್ಲದ ಊರಿನಲ್ಲಿ ಕೂತು ಹಾಲಿನ ಲೆಕ್ಕ ಬರೆಯುವುದು ನನಗೆ ಮೊದಮೊದಲು ತಮಾಷೆಯಾಗಿ ಕಂಡಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಅನುಮಾನ ಬಂತು. ಸಿಂಗಪುರದಲ್ಲಿ ಮದ್ಯದಂಥ ಕೆಲವನ್ನು ಬಿಟ್ಟರೆ ಆಮದಿನ ಮೇಲೆ ಸುಂಕವೇ ಇಲ್ಲ. ಹಾಗಿರುವಾಗ ನ್ಯೂಜಿಲೆಂಡ್ ಇವರ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡು ಗಳಿಸಿದ್ದೇನು? ಸೊನ್ನೆಯನ್ನು ಎಲ್ಲಿಗೆ ಇಳಿಸುವುದು? ಕಚೇರಿಯಲ್ಲಿ ಎಲ್ಲರೂ ‘ಅಂಕಲ್’ ಎಂದು ಕರೆಯುತ್ತಿದ್ದ ಚೀನೀ ಮೂಲದ ಹಿರಿಯ ಗುಮಾಸ್ತರನ್ನು ಕೇಳಿದೆ. ಅವರು ಕಡತದಿಂದ ತಲೆ ಎತ್ತದೆಯೇ ಹೇಳಿದರು: “ಇವತ್ತು ಸೊನ್ನೆ. ನಾಳೆಯೂ ಸೊನ್ನೆ ಅಂತ ಯಾರು ಬರೆದುಕೊಟ್ಟಿದ್ದಾರೆ?”

ಈ ಎರಡು ದೇಶಗಳ ನಂಟನ್ನು ಅರ್ಥ ಮಾಡಿಕೊಳ್ಳಲು ನನಗೆ ಈ ಮಾತೇ ದಾರಿಯಾಯಿತು.

ಅವುಗಳ ಗಾತ್ರ ಮೊದಲು ನೋಡೋಣ. ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್; ನಮ್ಮ ಬೆಂಗಳೂರು ನಗರ ಜಿಲ್ಲೆಯ ಮೂರನೇ ಒಂದು ಪಾಲು. ಅಷ್ಟರಲ್ಲಿ 60 ಲಕ್ಷ ಜನ. ತಿನ್ನುವ ಅನ್ನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರಬೇಕು. ನ್ಯೂಜಿಲೆಂಡ್ ಕರ್ನಾಟಕಕ್ಕಿಂತ ದೊಡ್ಡದು, 2.68 ಲಕ್ಷ ಚದರ ಕಿಲೋಮೀಟರ್. ಜನ ಮಾತ್ರ 53 ಲಕ್ಷ. ಇಡೀ ದೇಶದ ಜನರನ್ನು ಬೆಂಗಳೂರಿಗೆ ಕರೆತಂದರೂ ಊರಿನ ಅರ್ಧ ತುಂಬುವುದಿಲ್ಲ. ಹಾಲು ಕರೆಯುವ ಹಸುಗಳೇ ಅಲ್ಲಿ 47 ಲಕ್ಷದಷ್ಟಿವೆ, ಕುರಿಗಳು ಎರಡು ಕೋಟಿಗೂ ಮೇಲೆ. ಕರೆದ ಹಾಲಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಬೆಣ್ಣೆಯೋ ಪುಡಿಯೋ ಚೀಸೋ ಆಗಿ ದೇಶ ಬಿಟ್ಟು ಹೋಗುತ್ತದೆ. ಒಬ್ಬರಿಗೆ ಕೊಳ್ಳದೆ ಗತಿಯಿಲ್ಲ, ಇನ್ನೊಬ್ಬರಿಗೆ ಮಾರದೆ ಗತಿಯಿಲ್ಲ. ಲೋಕದ ಬಾಗಿಲುಗಳು ಮುಚ್ಚಿದರೆ ಮೊದಲು ಉಸಿರುಗಟ್ಟುವುದು ಇಂಥವರಿಗೆ.

ಇಬ್ಬರನ್ನೂ ಹತ್ತಿರ ತಂದದ್ದು ಒಂದೇ ಮನೆಯ ಯಜಮಾನ, ಬ್ರಿಟನ್. 1920ರ ದಶಕದಲ್ಲಿ ಸಿಂಗಪುರದ ಸೆಂಬವಾಂಗ್ ಕಡಲತಡಿಯಲ್ಲಿ ಬ್ರಿಟಿಷರು ದೊಡ್ಡ ನೌಕಾನೆಲೆ ಕಟ್ಟತೊಡಗಿದಾಗ ನ್ಯೂಜಿಲೆಂಡ್ ಅದಕ್ಕೆ 10 ಲಕ್ಷ ಪೌಂಡ್ ಕೊಡಲು ಒಪ್ಪಿತು. ಜಪಾನ್ ದಕ್ಷಿಣಕ್ಕೆ ಇಳಿದು ಬಂದರೆ ಸಿಂಗಪುರದಲ್ಲೇ ತಡೆಯಬಹುದು, ತಮ್ಮ ಮನೆವರೆಗೆ ಬರಲಾರದು ಎಂಬ ಲೆಕ್ಕ. ಆ ಲೆಕ್ಕ 1942ರ ಫೆಬ್ರವರಿ 15ರಂದು ಕುಸಿಯಿತು. ಸಿಂಗಪುರ ಜಪಾನಿಗೆ ಶರಣಾಯಿತು. ಅದಕ್ಕೂ ಮುಂಚೆ ಕಲ್ಲಾಂಗ್ ವಿಮಾನ ನಿಲ್ದಾಣದಿಂದ ಹಾರಿ ಕಾದಾಡಿದವರಲ್ಲಿ ನ್ಯೂಜಿಲೆಂಡ್ ವಾಯುಪಡೆಯ 488ನೇ ಸ್ಕ್ವಾಡ್ರನ್ನಿನ ಹುಡುಗರೂ ಇದ್ದರು. ಸೆಂಬವಾಂಗ್ ಕಡೆ ಹೋದರೆ ಇವತ್ತಿಗೂ ವೆಲ್ಲಿಂಗ್ಟನ್, ಆಕ್ಲೆಂಡ್ ಹೆಸರಿನ ರಸ್ತೆಗಳು ಸಿಗುತ್ತವೆ.

1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಬೇರ್ಪಟ್ಟು ಸಿಂಗಪುರ ಒಂಟಿಯಾಯಿತು. ಅದನ್ನು ಬೇಗನೆ ಮಾನ್ಯ ಮಾಡಿದ ದೇಶಗಳಲ್ಲಿ ನ್ಯೂಜಿಲೆಂಡ್ ಒಂದು. ಮೂರು ವರ್ಷ ತುಂಬುವುದರೊಳಗೆ ಮತ್ತೊಂದು ಪೆಟ್ಟು: 1968ರ ಜನವರಿಯಲ್ಲಿ ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್, ಸೂಯೆಜ್‌ನ ಪೂರ್ವಕ್ಕಿರುವ ಸೇನೆಯನ್ನು 1971ರೊಳಗೆ ವಾಪಸ್ ಕರೆಸುತ್ತೇವೆ ಎಂದರು. ಬ್ರಿಟಿಷ್ ನೆಲೆಗಳಿಂದ ಬರುತ್ತಿದ್ದ ಹಣ ಸಿಂಗಪುರದ ಆರ್ಥಿಕತೆಯ ಸುಮಾರು ಐದನೇ ಒಂದು ಪಾಲು. ಕೋವಿಯೂ ಹೋಯಿತು, ಕೂಲಿಯೂ ಹೋಯಿತು.

ಅಂಥದ್ದೇ ಏಟು ನ್ಯೂಜಿಲೆಂಡಿಗೂ ಕಾದಿತ್ತು. 1960ರ ದಶಕದ ನಡುವಿನಲ್ಲೂ ಅದರ ರಫ್ತಿನಲ್ಲಿ ಅರ್ಧದಷ್ಟು ಬ್ರಿಟನ್ನಿಗೇ ಹೋಗುತ್ತಿತ್ತು. ಕುರಿ ಸಾಕುವವನಿಗೆ ಲಂಡನ್ನಿನ ಮಾರುಕಟ್ಟೆ ಮನೆಯ ಹಿತ್ತಿಲಿನಷ್ಟು ಖಾತ್ರಿ. 1973ರ ಜನವರಿ 1ರಂದು ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯ ಸೇರಿತು. ಆ ಖಾತ್ರಿ ಕರಗತೊಡಗಿತು. ಸಿಂಗಪುರದ ಕೈಯಿಂದ ಬ್ರಿಟನ್ನಿನ ಸೇನೆ ಜಾರಿತು, ನ್ಯೂಜಿಲೆಂಡಿನ ಕೈಯಿಂದ ಬ್ರಿಟನ್ನಿನ ಗಿರಾಕಿ ಜಾರಿದ. ದೊಡ್ಡವರ ಮಾತು ನೆಚ್ಚಿಕೊಂಡು ಬದುಕಲಾಗದು ಎಂದು ಹತ್ತೇ ವರ್ಷದೊಳಗೆ ಇಬ್ಬರೂ ಕಲಿತರು.

ಸೇನೆಯ ಜಾಗಕ್ಕೆ ಬಂದದ್ದು ಐದು ದೇಶಗಳ ರಕ್ಷಣಾ ಏರ್ಪಾಡು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಲೇಷ್ಯಾ, ಸಿಂಗಪುರ ಸೇರಿ 1971ರ ನವೆಂಬರ್ 1ರಿಂದ ಜಾರಿಗೆ ತಂದದ್ದು. ಮಲೇಷ್ಯಾ ಅಥವಾ ಸಿಂಗಪುರದ ಮೇಲೆ ಯಾರಾದರೂ ದಾಳಿ ಮಾಡಿದರೆ, ಮಾಡುವ ಬೆದರಿಕೆ ಒಡ್ಡಿದರೆ ಐವರೂ ಕೂಡಲೇ ಸೇರಿ ಸಮಾಲೋಚನೆ ನಡೆಸಬೇಕು. ಅಷ್ಟೇ. ಯುದ್ಧಕ್ಕೆ ಇಳಿಯಲೇಬೇಕೆಂಬ ಕಟ್ಟುಪಾಡು ಇಲ್ಲ. ಓದಿದರೆ ಇದೆಂಥ ರಕ್ಷಣೆ ಅನ್ನಿಸುತ್ತದೆ. ಆದರೆ ಇದರ ಕೇಂದ್ರ ಕಚೇರಿ ಮಲೇಷ್ಯಾದ ಬಟರ್‌ವರ್ತ್ ವಾಯುನೆಲೆಯಲ್ಲಿದೆ. ಒಬ್ಬರನ್ನೊಬ್ಬರು ಅನುಮಾನದಿಂದಲೇ ನೋಡುತ್ತಿದ್ದ ಮಲೇಷ್ಯಾ, ಸಿಂಗಪುರಗಳ ಅಧಿಕಾರಿಗಳು ಅಲ್ಲಿ ಒಂದೇ ನಕ್ಷೆಯ ಮುಂದೆ ಕೂರುತ್ತಾರೆ. ಅರ್ಧ ಶತಮಾನ ದಾಟಿದರೂ ವರ್ಷ ವರ್ಷ ಜಂಟಿ ಸಮರಾಭ್ಯಾಸ ನಿಂತಿಲ್ಲ.

ನ್ಯೂಜಿಲೆಂಡ್ ಕಾಗದದ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರಿಟಿಷರು ಹೋದರು, 1970ರ ದಶಕದ ನಡುವಿಗೆ ಆಸ್ಟ್ರೇಲಿಯಾದ ಕಾಲಾಳುಗಳೂ ಹೋದರು, ಇವರ ಬೆಟಾಲಿಯನ್ ಮಾತ್ರ ಸೆಂಬವಾಂಗ್‌ನ ಡಿಯೆಪ್ ಬ್ಯಾರಕ್ಸ್‌ನಲ್ಲಿ 1989ರವರೆಗೆ ಉಳಿಯಿತು. ಆ ಬೀದಿಗಳಲ್ಲಿ ಬೆಳೆದ ಅಂಕಲ್‌ಗೆ ಸಂತೆಗೆ ಬರುತ್ತಿದ್ದ ಎತ್ತರದ ಮಾವೋರಿ ಸೈನಿಕರ ನೆನಪಿತ್ತು. “ನಮಗೆ ಆಗ ಸೇನೆ ಕಟ್ಟಿಕೊಳ್ಳೋಕೆ ಸಮಯ ಬೇಕಿತ್ತು. ಅವರು ಆ ಸಮಯ ಕೊಟ್ಟರು” ಎಂದಿದ್ದರು.

ಸಿಂಗಪುರ ಕಟ್ಟಿಕೊಂಡ ಆ ಸೇನೆಗೆ ಬೇರೊಂದು ತಾಪತ್ರಯ. 1967ರಿಂದ ಗಂಡುಮಕ್ಕಳಿಗೆಲ್ಲ ಕಡ್ಡಾಯ ಸೈನಿಕ ಸೇವೆ. ಈಗ ಸುಮಾರು ಎರಡು ವರ್ಷ, ಆಮೇಲೆ ಮೀಸಲು ಪಡೆಯ ಕರೆ. ಸೈನಿಕರಿದ್ದಾರೆ, ಫಿರಂಗಿಯೂ ಇದೆ, ಹಾರಿಸಲು ಜಾಗವಿಲ್ಲ. ದೂರ ಹಾರುವ ಫಿರಂಗಿ ಗುಂಡು ಸಿಂಗಪುರದ ಒಂದು ತುದಿಯಿಂದ ಹೊರಟರೆ ಪಕ್ಕದ ದೇಶದಲ್ಲಿ ಬಿದ್ದೀತು. ಹಾಗಾಗಿ ಅವರು ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುವಿನ ವೈಯೂರು ಎಂಬ ಸೇನಾ ಬಯಲಿಗೆ ಹೋಗುತ್ತಾರೆ. ಅಭ್ಯಾಸದ ಹೆಸರು ‘ಥಂಡರ್ ವಾರಿಯರ್’. ಅಂಕಲ್ ತಮ್ಮ ಮೀಸಲು ಸೇವೆಯಲ್ಲಿ ಅಲ್ಲಿಗೆ ಹೋಗಿ ಬಂದವರು. ರುವಾಪೆಹು ಜ್ವಾಲಾಮುಖಿಯ ಕಡೆಯಿಂದ ಬೀಸುವ ಗಾಳಿಯ ಚಳಿಯನ್ನು ವರ್ಣಿಸುವಾಗ, ಸದಾ ಸೆಕೆಯಲ್ಲೇ ಇರುವ ನಮ್ಮ ಕಚೇರಿಯಲ್ಲೂ ಅವರ ಭುಜ ಕುಗ್ಗುತ್ತಿತ್ತು. ಈ ಅಭ್ಯಾಸಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. 2019ರ ಜನವರಿಯಲ್ಲಿ ಅಲ್ಲಿ ಫಿರಂಗಿ ವಾಹನದೊಳಗೆ ದುರಸ್ತಿಗೆ ಇಳಿದಿದ್ದ ಸಿಂಗಪುರದ ಜನಪ್ರಿಯ ಟಿವಿ ನಟ, ಮೀಸಲು ಸೈನಿಕ, ಫಿರಂಗಿಯ ನಳಿಗೆಗೆ ಸಿಕ್ಕು ತೀರಿಕೊಂಡರು. ಇಡೀ ದ್ವೀಪ ಮರುಗಿತು.

ಇಂಥ ಓಡಾಟದ ಫಲ ಒಮ್ಮೊಮ್ಮೆ ಎಣಿಸದ ಕಡೆ ಸಿಗುತ್ತದೆ. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ನಗರ ಭೂಕಂಪಕ್ಕೆ ಕುಸಿದಾಗ ಸಿಂಗಪುರದ ನೂರಕ್ಕೂ ಹೆಚ್ಚು ಸೈನಿಕರು ಅಭ್ಯಾಸಕ್ಕೆಂದು ಅಲ್ಲೇ ಇದ್ದರು. ನಗರದ ನಡುಭಾಗಕ್ಕೆ ಯಾರೂ ನುಗ್ಗದಂತೆ ಕಾವಲು ನಿಂತವರಲ್ಲಿ ಅವರೂ ಸೇರಿದರು. ಹಿಂದೆಯೇ ಸಿಂಗಪುರದಿಂದ ರಕ್ಷಣಾ ತಂಡ ವಿಮಾನದಲ್ಲಿ ಬಂತು. ಪೂರ್ವ ಟಿಮೋರ್‌ನಲ್ಲಿ ಇಬ್ಬರೂ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಜೊತೆಯಾಗಿ ದುಡಿದಿದ್ದರು. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ ನ್ಯೂಜಿಲೆಂಡ್ ತಂಡದ ಜೊತೆ ಸಿಂಗಪುರ ಕಳಿಸಿದ್ದು ಹಲ್ಲಿನ ಡಾಕ್ಟರುಗಳನ್ನು.

ವ್ಯಾಪಾರದ ಕಡೆ ಬರೋಣ. 1999ರ ಸೆಪ್ಟೆಂಬರಿನಲ್ಲಿ ಆಕ್ಲೆಂಡ್‌ನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಏಪೆಕ್ ಶೃಂಗಸಭೆ ನಡೆದಾಗ ಪ್ರಧಾನಿಗಳಾದ ಸಿಂಗಪುರದ ಗೋ ಚೋಕ್ ಟಾಂಗ್, ನ್ಯೂಜಿಲೆಂಡಿನ ಜೆನ್ನಿ ಶಿಪ್ಲಿ ಇಬ್ಬರೂ ಮುಕ್ತ ವ್ಯಾಪಾರ ಒಪ್ಪಂದದ ಮಾತು ಶುರು ಮಾಡಿದರು. ಆ ವರ್ಷದ ಕೊನೆಗೆ ಸಿಯಾಟಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ಮುರಿದುಬಿತ್ತು. ಲೋಕವೆಲ್ಲ ಒಪ್ಪುವವರೆಗೆ ಕಾದರೆ ನಮ್ಮ ಕಾಲ ಮುಗಿಯುತ್ತದೆ ಎಂದು ಈ ಇಬ್ಬರಿಗೂ ಖಾತ್ರಿಯಾಯಿತು. 2000ದ ನವೆಂಬರ್ 14ರಂದು ಗೋ ಅವರೂ ನ್ಯೂಜಿಲೆಂಡಿನ ಹೊಸ ಪ್ರಧಾನಿ ಹೆಲೆನ್ ಕ್ಲಾರ್ಕ್ ಅವರೂ ಸಹಿ ಹಾಕಿದರು. 2001ರ ಜನವರಿ 1ರಿಂದ ಪರಸ್ಪರ ಸುಂಕ ಪೂರ್ತಿ ರದ್ದು.

ಸಿಂಗಪುರ ಇನ್ನೊಂದು ದೇಶದ ಜೊತೆ ನೇರವಾಗಿ ಮಾಡಿಕೊಂಡ ಮೊದಲ ಮುಕ್ತ ವ್ಯಾಪಾರ ಒಪ್ಪಂದ ಇದು. ಅಂಕಲ್ ಹೇಳಿದಂತೆ, ಇದ್ದ ಸೊನ್ನೆ ಕಟ್ಟುಪಾಡಾಯಿತು. ಸೇವೆಗಳು, ಹೂಡಿಕೆ, ಸರ್ಕಾರಿ ಖರೀದಿಗೂ ನಿಯಮ ಬಂತು. ನ್ಯೂಜಿಲೆಂಡಿನ ಬಟ್ಟೆ ಕಾರ್ಖಾನೆಯವರಿಗೆ ದಿಗಿಲಿತ್ತು: ಅಕ್ಕಪಕ್ಕದ ದೇಶಗಳ ಅಗ್ಗದ ಬಟ್ಟೆ ಸಿಂಗಪುರದ ಚೀಟಿ ಅಂಟಿಸಿಕೊಂಡು ನುಗ್ಗಿದರೆ? ಅದಕ್ಕೇ ಸರಕು ಎಲ್ಲಿ ಹುಟ್ಟಿತು, ಎಷ್ಟು ಪಾಲು ಸಿಂಗಪುರದಲ್ಲೇ ತಯಾರಾಯಿತು ಎಂದು ತೋರಿಸಬೇಕಾದ ನಿಯಮ ಸೇರಿತು. ನನ್ನಂಥ ಕಾಗದದ ಕೆಲಸದವರ ಅನ್ನ ಇರುವುದೇ ಇಂಥ ನಿಯಮಗಳಲ್ಲಿ. ಮಾವೋರಿ ಜನರೊಡನೆ 1840ರಲ್ಲಿ ಆದ ವೈಟಾಂಗಿ ಒಡಂಬಡಿಕೆಯಡಿ ಸರ್ಕಾರ ತನ್ನ ಹೊಣೆ ನೆರವೇರಿಸಲು ಈ ಒಪ್ಪಂದ ಅಡ್ಡಿಯಾಗದು ಎಂಬ ಷರತ್ತನ್ನೂ ನ್ಯೂಜಿಲೆಂಡ್ ಮೊದಲ ಸಲ ಇದರಲ್ಲಿ ಬರೆಸಿತು. ಮುಂದಿನ ಒಪ್ಪಂದಗಳಿಗೂ ಅದು ಮೇಲ್ಪಂಕ್ತಿಯಾಯಿತು.

ಇಬ್ಬರೇ ಇದ್ದರೆ ಮಾರುಕಟ್ಟೆ ಚಿಕ್ಕದು. ಬಾಗಿಲು ತೆರೆದಿಟ್ಟರು. 2002ರಲ್ಲಿ ಚಿಲಿ ಮಾತುಕತೆಗೆ ಬಂತು, ಆಮೇಲೆ ಬ್ರೂನೈ. ನಾಲ್ವರ ಒಪ್ಪಂದ 2006ರಲ್ಲಿ ಜಾರಿಯಾಯಿತು. ಯಾರೂ ಗಮನಿಸದಂಥ ಒಪ್ಪಂದ. ಆದರೆ 2008ರಲ್ಲಿ ಅಮೆರಿಕ ತಾನೂ ಬರುತ್ತೇನೆ ಎಂದಿತು. ಹಿಂದೆಯೇ ಜಪಾನ್, ಕೆನಡಾ, ಆಸ್ಟ್ರೇಲಿಯಾ, ವಿಯೆಟ್ನಾಂ ಎಲ್ಲ ಬಂದವು. ಹನ್ನೆರಡು ದೇಶಗಳು 2016ರ ಫೆಬ್ರವರಿಯಲ್ಲಿ ಆಕ್ಲೆಂಡ್‌ನಲ್ಲಿ ಸಹಿ ಹಾಕಿದವು. ಮರುವರ್ಷ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅಧಿಕಾರಕ್ಕೆ ಬಂದ ವಾರದಲ್ಲೇ ಅಮೆರಿಕ ಎದ್ದು ಹೋಯಿತು. ಉಳಿದ ಹನ್ನೊಂದು ಮಂದಿ ಪಂಕ್ತಿ ಬಿಟ್ಟೇಳಲಿಲ್ಲ. 2018ರ ಡಿಸೆಂಬರ್ 30ರಂದು ಅದು ಸಿಪಿಟಿಪಿಪಿ ಎಂಬ ಹೆಸರಿನಲ್ಲಿ ಜಾರಿಗೆ ಬಂತು.

ಇನ್ನು ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಯುರೋಪ್ ಒಕ್ಕೂಟದಿಂದ ಹೊರಬಂದ ಬ್ರಿಟನ್ ಹೊಸ ಮಾರುಕಟ್ಟೆ ಹುಡುಕುತ್ತ ಈ ಒಪ್ಪಂದದ ಬಾಗಿಲು ತಟ್ಟಿತು. ಒಪ್ಪಂದದ ಮೂಲಪ್ರತಿ ಕಾಯುವ ಹೊಣೆ ನ್ಯೂಜಿಲೆಂಡಿನದು. ಬ್ರಿಟನ್ನಿನ ಸಚಿವರು 2023ರ ಜುಲೈನಲ್ಲಿ ಆಕ್ಲೆಂಡ್‌ಗೆ ಬಂದು ಸಹಿ ಮಾಡಿದರು. 2024ರ ಡಿಸೆಂಬರಿನಲ್ಲಿ ಸದಸ್ಯತ್ವ ಜಾರಿಯಾಯಿತು. ಒಬ್ಬರಿಂದ ಸೇನೆ ಹಿಂಪಡೆದು, ಇನ್ನೊಬ್ಬರಿಂದ ಮಾರುಕಟ್ಟೆ ಕಿತ್ತುಕೊಂಡ ದೇಶ, ಅವರಿಬ್ಬರು ಬರೆದ ನಿಯಮಕ್ಕೆ ತಾನಾಗಿ ಒಪ್ಪಿಗೆ ಹಾಕಿತು. ಚಿಕ್ಕವರು ದೊಡ್ಡವರನ್ನು ಬಗ್ಗಿಸಲಾರರು. ನಿಯಮವನ್ನು ಮೊದಲು ಬರೆದಿಟ್ಟು ಕಾಯಬಲ್ಲರು.

ಕಾಯುವುದಕ್ಕೂ ಸಮಯವಿರದ ಸಂದರ್ಭ 2020ರಲ್ಲಿ ಬಂತು. ಕೋವಿಡ್ ಶುರುವಾದ ವಾರಗಳಲ್ಲಿ ದೇಶಗಳು ಮಾಸ್ಕ್, ಔಷಧ, ಅಕ್ಕಿಗಳ ರಫ್ತು ತಡೆಯತೊಡಗಿದ್ದವು. ಭಾರತವೂ ಪ್ಯಾರಾಸಿಟಮಾಲ್ ಸೇರಿ ಹಲವು ಔಷಧಗಳಿಗೆ ಮಾರ್ಚ್ ತಿಂಗಳಲ್ಲಿ ತಡೆ ಹಾಕಿತ್ತು. ಸಿಂಗಪುರದಲ್ಲಿ ಏಪ್ರಿಲ್ 7ರಿಂದ ಬಾಗಿಲು ಬಂದ್. ಬಂದರು ಮಾತ್ರ ತೆರೆದೇ ಇತ್ತು. ಆ ದಿನಗಳಲ್ಲಿ ರೀಫರ್ ಬಂತೋ ಇಲ್ಲವೋ ಎಂದು ಅಂಗಡಿಯವರು ನನಗೆ ಫೋನ್ ಮಾಡುವ ದನಿಯೇ ಬದಲಾಗಿತ್ತು. ಏಪ್ರಿಲ್ 15ರಂದು ಸಿಂಗಪುರದ ಚಾನ್ ಚುನ್ ಸಿಂಗ್, ನ್ಯೂಜಿಲೆಂಡಿನ ಡೇವಿಡ್ ಪಾರ್ಕರ್ ಇಬ್ಬರು ವ್ಯಾಪಾರ ಸಚಿವರು ಒಂದು ಘೋಷಣೆ ಹೊರಡಿಸಿದರು: ವೈದ್ಯಕೀಯ ಸಾಮಗ್ರಿಗಳ ಮೇಲೆ ಸುಂಕ ಹಾಕುವುದಿಲ್ಲ, ರಫ್ತು ತಡೆಯುವುದಿಲ್ಲ; ಆಹಾರದ ವಿಷಯದಲ್ಲೂ ಹಾಗೇ ನಡೆದುಕೊಳ್ಳಲು ಯತ್ನಿಸುತ್ತೇವೆ; ಬೇರೆಯವರೂ ಸೇರಬಹುದು. ಅದೇ ವರ್ಷ ಜೂನ್‌ನಲ್ಲಿ ಚಿಲಿಯನ್ನು ಸೇರಿಸಿಕೊಂಡು ಡಿಜಿಟಲ್ ವ್ಯಾಪಾರದ ಒಪ್ಪಂದಕ್ಕೂ ದೂರದಿಂದಲೇ ಎಲೆಕ್ಟ್ರಾನಿಕ್ ಸಹಿ ಹಾಕಿದರು.

ಹೊರಗಿನಿಂದ ನೋಡಿದರೆ ಈ ನಂಟಿನಲ್ಲಿ ಕೊಡುವವರು ನ್ಯೂಜಿಲೆಂಡಿನವರು, ತಿನ್ನುವವರು ಸಿಂಗಪುರದವರು ಎನ್ನಿಸುತ್ತದೆ. ಪೂರ್ತಿ ನಿಜವಲ್ಲ. ನ್ಯೂಜಿಲೆಂಡಿಗೆ ಇದ್ದ ಒಂದೇ ತೈಲ ಸಂಸ್ಕರಣಾಗಾರ, ಮಾರ್ಸ್‌ಡನ್ ಪಾಯಿಂಟ್, 2022ರಲ್ಲಿ ಮುಚ್ಚಿತು. ಅಲ್ಲಿಂದೀಚೆಗೆ ಪೆಟ್ರೋಲು, ಡೀಸೆಲ್, ವಿಮಾನದ ಇಂಧನ ಎಲ್ಲ ಹೊರಗಿನಿಂದಲೇ. ದೊಡ್ಡ ಪಾಲು ದಕ್ಷಿಣ ಕೊರಿಯಾ ಮತ್ತು ಸಿಂಗಪುರದಿಂದ. ಹುಲ್ಲುಗಾವಲಿನಿಂದ ಹಾಲು ತರುವ ಟ್ಯಾಂಕರ್ ಓಡಬೇಕಾದರೆ ಸಿಂಗಪುರದ ಜುರಾಂಗ್ ದ್ವೀಪದಂಥ ಕಡೆ ಕಚ್ಚಾತೈಲ ಕುದಿಯಬೇಕು. ಎಣ್ಣೆ ಇಲ್ಲದಿದ್ದರೆ ಬೆಣ್ಣೆಯೂ ಇಲ್ಲ.

ಎಲ್ಲದರಲ್ಲೂ ಇಬ್ಬರಿಗೂ ಒಮ್ಮತವಿದೆ ಎಂದಲ್ಲ. ನ್ಯೂಜಿಲೆಂಡ್ 1980ರ ದಶಕದಲ್ಲಿ ಅಣ್ವಸ್ತ್ರ ಹಡಗುಗಳನ್ನು ಬಂದರಿಗೆ ಬಿಡೆನೆಂದು ಹಟ ಹಿಡಿದು ಅಮೆರಿಕದ ರಕ್ಷಣಾ ಕೂಟದಿಂದ ದೂರವಾಯಿತು. ಸಿಂಗಪುರ 1990ರಲ್ಲಿ ಅಮೆರಿಕದ ಸೇನೆಗೆ ತನ್ನ ನೆಲೆಗಳನ್ನು ಬಳಸಲು ಅನುಮತಿ ಕೊಟ್ಟಿತು. ನ್ಯೂಜಿಲೆಂಡ್ 2001ರಲ್ಲಿ ತನ್ನ ಯುದ್ಧವಿಮಾನಗಳ ದಳವನ್ನೇ ವಿಸರ್ಜಿಸಿತು. ಸಿಂಗಪುರದ್ದು ಈ ವಲಯದಲ್ಲೇ ಬಲವಾದ ವಾಯುಪಡೆ. ತನ್ನ ಎಫ್-15 ವಿಮಾನಗಳನ್ನು ನ್ಯೂಜಿಲೆಂಡಿನ ಓಹಾಕಿಯಾದಲ್ಲಿ ತರಬೇತಿಗೆ ಇಡುವ ಯೋಚನೆ ಸಿಂಗಪುರಕ್ಕಿತ್ತು, ಆಮೇಲೆ ಕೈಬಿಟ್ಟಿತು. ಒಂದು ದೇಶ ಮಾದಕವಸ್ತು ಸಾಗಿಸಿದವರನ್ನು ನೇಣಿಗೇರಿಸುತ್ತದೆ, ಇನ್ನೊಂದು ಮರಣದಂಡನೆಯನ್ನೇ ತೆಗೆದುಹಾಕಿದೆ. ಇಷ್ಟು ಅಂತರವಿದ್ದೂ 2019ರಲ್ಲಿ ಆಗಿನ ಪ್ರಧಾನಿಗಳಾದ ನ್ಯೂಜಿಲೆಂಡಿನ ಜಸಿಂಡಾ ಆರ್ಡರ್ನ್, ಸಿಂಗಪುರದ ಲೀ ಸಿಯೆನ್ ಲೂಂಗ್ ವರ್ಧಿತ ಪಾಲುದಾರಿಕೆಗೆ ಒಪ್ಪಿದರು. ರಾಜತಾಂತ್ರಿಕ ಸಂಬಂಧಕ್ಕೆ ಅರವತ್ತು ತುಂಬಿದ 2025ರ ಅಕ್ಟೋಬರಿನಲ್ಲಿ ಅವರ ನಂತರದ ಪ್ರಧಾನಿಗಳಾದ ಕ್ರಿಸ್ಟೋಫರ್ ಲಕ್ಸನ್, ಲಾರೆನ್ಸ್ ವಾಂಗ್ ಅದನ್ನು ಸಮಗ್ರ ವ್ಯೂಹಾತ್ಮಕ ಪಾಲುದಾರಿಕೆಗೆ ಏರಿಸಿದರು. ಬಿಕ್ಕಟ್ಟಿನಲ್ಲೂ ಅಗತ್ಯ ವಸ್ತುಗಳ ಹರಿವು ನಿಲ್ಲಿಸದಿರುವ ಒಪ್ಪಂದದ ಮಾತುಕತೆ ಬಹುಮಟ್ಟಿಗೆ ಮುಗಿದಿದೆ ಎಂದೂ ಆಗಲೇ ಸಾರಿದರು.

ನಮ್ಮೂರಿನ ಕಣ್ಣಿಗೆ ನ್ಯೂಜಿಲೆಂಡ್ ಬೇರೆಯೇ ಆಗಿ ಕಾಣುತ್ತದೆ. 2019ರಲ್ಲಿ, ನ್ಯೂಜಿಲೆಂಡ್ ಕೂಡ ಇದ್ದ ಆರ್‌ಸಿಇಪಿ ಎಂಬ ಬಹುದೇಶ ವ್ಯಾಪಾರ ಒಪ್ಪಂದದ ಗದ್ದಲ ನಡೆದಾಗ ಚಿಕ್ಕಪ್ಪನ ಮಗ ಊರಿಂದ ಫೋನ್ ಮಾಡಿದ್ದ. “ಅಣ್ಣಾ, ಆ ನ್ಯೂಜಿಲೆಂಡ್ ಪುಡಿ ಬಂದ್ರೆ ನಮ್ಮ ಡೇರಿ ಕಥೆ ಮುಗೀತಂತೆ, ನಿಜವಾ?” ಅವನ ಭಯ ಸುಳ್ಳಲ್ಲ. ಕರ್ನಾಟಕದ ರೈತ ಸಂಘಟನೆಗಳು ಬೀದಿಗಿಳಿದಿದ್ದವು. ನವೆಂಬರಿನಲ್ಲಿ ಭಾರತ ಆ ಒಪ್ಪಂದದಿಂದ ಹಿಂದೆ ಸರಿಯಿತು. 2025ರ ಡಿಸೆಂಬರಿನಲ್ಲಿ ಭಾರತ, ನ್ಯೂಜಿಲೆಂಡ್ ಮುಕ್ತ ವ್ಯಾಪಾರದ ಮಾತುಕತೆ ಮುಗಿಸಿದಾಗಲೂ ಹಾಲು, ಚೀಸ್‌ನಂಥವನ್ನು ಭಾರತ ಹೊರಗಿಟ್ಟಿತು. ಹಾಲಿಲ್ಲದ ಒಪ್ಪಂದ ತಮಗೇಕೆ ಎಂದು ನ್ಯೂಜಿಲೆಂಡಿನ ವಿದೇಶಾಂಗ ಸಚಿವ ವಿನ್‌ಸ್ಟನ್ ಪೀಟರ್ಸ್ ಅವರೇ ಅದನ್ನು ವಿರೋಧಿಸಿದರು. ಸಿಂಗಪುರಕ್ಕೆ ನ್ಯೂಜಿಲೆಂಡ್ ಸಲೀಸಾದದ್ದು ಸಿಂಗಪುರದಲ್ಲಿ ಎರಡು ಹಸು ಕಟ್ಟಿಕೊಂಡು ಬದುಕುವ ನನ್ನ ತಮ್ಮನಂಥವರು ಇಲ್ಲದ್ದರಿಂದ. ಅವರ ದಾರಿಯೇ ನಮ್ಮ ದಾರಿಯೂ ಆಗಲಿ ಎಂದು ಹೇಳಲು ನಾನು ಸಿದ್ಧನಿಲ್ಲ.

ಅವರಿಂದ ಕಲಿಯುವುದಿದ್ದರೆ ಬೇರೆ ಇದೆ. 2022ರ ಜೂನ್‌ನಲ್ಲಿ ಮಲೇಷ್ಯಾ ಕೋಳಿ ರಫ್ತು ನಿಲ್ಲಿಸಿದಾಗ ಸಿಂಗಪುರದ ಹಾಕರ್ ಸೆಂಟರುಗಳಲ್ಲಿ ಚಿಕನ್ ರೈಸ್ ಮಾಡುವವರು ಕಂಗಾಲಾದರು. ಮೂರನೇ ಒಂದು ಪಾಲು ಕೋಳಿ ಬರುತ್ತಿದ್ದದ್ದು ಅಲ್ಲಿಂದಲೇ. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಸಿಂಗಪುರ ಕೇಳಿಕೊಂಡಿತು, ವಿಶೇಷ ಸ್ನೇಹದ ಕಾರಣಕ್ಕೆ ದೆಹಲಿ ಆಗಸ್ಟ್ ಕೊನೆಗೆ ವಿನಾಯಿತಿ ಕೊಟ್ಟಿತು. ಆ ಸುದ್ದಿ ಬಂದ ದಿನ ಕಚೇರಿಯಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು, ನಾನೇ ಅಕ್ಕಿ ಬಿಡಿಸಿಕೊಟ್ಟವನಂತೆ. ನನಗೂ ಹೆಮ್ಮೆಯೇ ಆಯಿತು. ಆದರೆ ಆ ಅಕ್ಕಿ ಬಂದದ್ದು ದೊಡ್ಡವರ ದಯೆಯಿಂದ. ದಯೆ ಈ ವರ್ಷ ಇದ್ದು ಮುಂದಿನ ವರ್ಷ ಇಲ್ಲವಾಗಬಹುದು. ನ್ಯೂಜಿಲೆಂಡಿನೊಡನೆ ಅವರು ಬರೆದುಕೊಳ್ಳುತ್ತಿರುವುದು ಯಾರೂ ಯಾರನ್ನೂ ಕೇಳಿಕೊಳ್ಳುವ ಅಗತ್ಯ ಬಾರದಿರಲಿ ಎಂದು. ಬರೆದ ಮಾತನ್ನೂ ಮುರಿಯಬಹುದು, ಅಮೆರಿಕ ಎದ್ದು ಹೋದದ್ದನ್ನು ಇಬ್ಬರೂ ಕಂಡಿದ್ದಾರೆ. ಆದರೂ ಬರೆಯುತ್ತಾರೆ, ಕಷ್ಟ ಬರುವ ಮುಂಚೆಯೇ ಬರೆಯುತ್ತಾರೆ. ಬರೆದ ಮಾತು ಮುರಿದವನು ಅದರ ಲೆಕ್ಕ ಕೊಡಬೇಕಾಗುತ್ತದೆ. ದಯೆ ಹಿಂಪಡೆದವನನ್ನು ಯಾರೂ ಲೆಕ್ಕ ಕೇಳಲಾರರು.